ಮೆಣಸ್ಕಾಯಿಗೆ ಬಿದ್ದ ಉಪ್ಪು

ನಮ್ಮ ಚೆಂಬೂರಿನ ಮನೆಯಲ್ಲಿ ಅಡುಗೆಮನೆಯ ಒಲೆಯಿಂದ ಹೊರಕೋಣೆಯ ಕಿಟಕಿಗೆ ಹದಿನಾಲ್ಕು ಹೆಜ್ಜೆ. ಹತ್ತು ವರ್ಷದ ಹುಡುಗಿಯ ಹೆಜ್ಜೆ. ಇದು ತಪ್ಪಿರಲು ಸಾಧ್ಯವಿಲ್ಲ, ದಿನಕ್ಕೆ ಇಪ್ಪತ್ತು ಮೂವತ್ತು ಸಲ ಆ ದಾರಿಯಲ್ಲಿ ಓಡಾಡಿದವಳು ನಾನು. ಓಡಾಡಿದ್ದು ಆಟಕ್ಕಲ್ಲ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದಕ್ಕೆ. ನನ್ನ ಅಮ್ಮ ಮತ್ತು ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಒಂದೇ ಮನೆಯಲ್ಲಿದ್ದು ಒಂದೇ ಒಲೆಯ ಅನ್ನ ಉಣ್ಣುತ್ತ ನಾಲ್ಕು ವರ್ಷ ಪರಸ್ಪರ ಒಂದು ಮಾತಾಡಲಿಲ್ಲ. ಹಾಗೆಂದು ಮನೆ ನಡೆಯದೆ ಆಗುತ್ತದೆಯೇ? ಹಾಲು ಬಂತೇ, ನಲ್ಲಿಯ ನೀರು ನಿಂತಿತೇ, ಬೇಳೆ ಎಷ್ಟು ಹಾಕಬೇಕು, ಎಲ್ಲವನ್ನೂ ಕೇಳಲೇಬೇಕು. ಅದೆಲ್ಲ ನನ್ನ ಮೂಲಕ ನಡೆಯುತ್ತಿತ್ತು. ಮೈ ಉರಿಯುವ ಸಂಗತಿಯೆಂದರೆ, ಇಬ್ಬರೂ ಅಡುಗೆಮನೆಯಲ್ಲಿ ಎರಡು ಮೊಳ ದೂರದಲ್ಲಿ ಕೂತಿದ್ದಾಗಲೂ ಈ ನಿಯಮ ಸಡಿಲವಾಗುತ್ತಿರಲಿಲ್ಲ. ಅತ್ತೆ ಒಲೆಯ ಮುಂದಿನಿಂದ ನನ್ನನ್ನು ಕರೆಯುತ್ತಿದ್ದರು.

"ಪದ್ದು, ಕಾಯಿ ತುರಿದಾಯ್ತಾ ಅಂತ ನಿನ್ನ ಅಮ್ಮನ ಹತ್ರ ಕೇಳು."

ಅಮ್ಮ ಅಲ್ಲೇ ಈಳಿಗೆಮಣೆಯ ಮೇಲೆ ಕೂತು ತುರಿಯುತ್ತಿರುತ್ತಿದ್ದಳು. ಮಾತು ಕಿವಿಗೆ ಬಿದ್ದಿರುತ್ತಿತ್ತು, ಆದರೆ ನಾನು ಅದನ್ನೇ ಇನ್ನೊಮ್ಮೆ ಹೇಳುವವರೆಗೆ ತಲೆ ಎತ್ತುತ್ತಿರಲಿಲ್ಲ.

"ಇನ್ನರ್ಧ ಹೋಳಿದೆ ಅಂತ ನಿಮ್ಮತ್ತೆಗೆ ಹೇಳು."

ನಾನು ಅತ್ತೆಯತ್ತ ತಿರುಗಿ ಇನ್ನರ್ಧ ಹೋಳಿದೆಯಂತೆ ಎನ್ನಬೇಕು. ಆಗಲೇ ಅವರಿಗೆ ಅದು ಕೇಳಿಸಿದ ಲೆಕ್ಕ. ಪಾಠ ಓದುತ್ತಿದ್ದರೂ ಏಳಬೇಕು, ಗ್ಯಾಲರಿಯಲ್ಲಿ ಗೆಳತಿಯರೊಂದಿಗೆ ಕುಂಟಾಟ ಆಡುತ್ತಿದ್ದರೂ ನನ್ನ ಸರದಿ ಬಿಟ್ಟು ಬರಬೇಕು. ನನಗೀಗ ಎಂಬತ್ತರ ಹತ್ತಿರ. ಯಾರಾದರೂ ಫೋನಿನಲ್ಲಿ "ಅವರಿಗೆ ಹೀಗೆ ಹೇಳಿಬಿಡಿ" ಎಂದರೆ ಈಗಲೂ ರೇಗುತ್ತದೆ, ನೀವೇ ಹೇಳಿಕೊಳ್ಳಿ ಎಂದು ಫೋನನ್ನು ಕೇಳಬೇಕಾದವರ ಕೈಗೇ ಕೊಟ್ಟುಬಿಡುತ್ತೇನೆ. ನನ್ನ ಸೊಸೆ ಇದನ್ನು ಜಂಬ ಎಂದುಕೊಂಡಿದ್ದಾಳೆ. ಅಂದುಕೊಳ್ಳಲಿ.

ಮನೆ ಎಂದರೆ ಒಂದರ ಹಿಂದೆ ಒಂದರಂತೆ ಎರಡು ಕೋಣೆ. ಮುಂದೆ ಬಿಲ್ಡಿಂಗಿನ ಎಲ್ಲರಿಗೂ ಸೇರಿದ ಗ್ಯಾಲರಿ, ಹಿಂದೆ ಇನ್ನೊಂದು ಗ್ಯಾಲರಿ, ಅದರ ತುದಿಯಲ್ಲಿ ನಾಲ್ಕು ಮನೆಗೆ ಒಂದು ಬಚ್ಚಲು. ಹೊರಕೋಣೆಯಲ್ಲಿ ಅಪ್ಪನ ಕುರ್ಚಿ, ಟ್ರಂಕುಗಳು, ಗೋಡೆಗೆ ಒರಗಿಸಿದ ಹಾಸಿಗೆಯ ಸುರುಳಿಗಳು. ಒಳಗಿನದು ಅಡುಗೆಮನೆ, ಅದರ ಮೂಲೆಯಲ್ಲಿ ದೇವರು. ಎರಡರ ನಡುವೆ ಬಾಗಿಲಿರಲಿಲ್ಲ, ಅಮ್ಮನ ಹಳೆಯ ಸೀರೆಯೊಂದನ್ನು ಪರದೆ ಮಾಡಿ ಕಟ್ಟಿತ್ತು. ಒಗೆದು ಒಗೆದು ಅದು ಕುಗ್ಗಿ ನೆಲದಿಂದ ಒಂದು ಗೇಣು ಮೇಲೆ ನಿಂತಿತ್ತು. ಹೊಸ ಪರದೆ ತರಬೇಕೆಂದು ಅಮ್ಮ ವರ್ಷಗಟ್ಟಲೆ ಹೇಳುತ್ತಿದ್ದಳು. ಇರುವುದು ಚೆನ್ನಾಗಿಯೇ ಉಂಟಲ್ಲ ಎಂದು ಅತ್ತೆ ನನ್ನ ಮೂಲಕ ಉತ್ತರ ಕಳಿಸುತ್ತಿದ್ದರು. ಅಪ್ಪ ಬೆಳಿಗ್ಗೆ ಕುರ್ಲಾದಲ್ಲಿ ರೈಲುಗಾಡಿ ಬದಲಿಸಿ ಕೋಟೆ ಪ್ರದೇಶದ ಆಫೀಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಇಬ್ಬರು ಹೆಂಗಸರ ಮೌನ ಅವರಿಗೆ ಕಾಣಿಸುತ್ತಿರಲಿಲ್ಲವೆಂದಲ್ಲ. ಕಂಡರೆ ಏನಾದರೂ ಮಾಡಬೇಕಾಗುತ್ತದಲ್ಲ, ಅದಕ್ಕೇ ಪೇಪರ್ ಎತ್ತಿ ಮುಖಕ್ಕೆ ಹಿಡಿಯುತ್ತಿದ್ದರು.

ಅತ್ತೆ ಉಡುಪಿಯ ಕಡೆಯವರು, ಅಪ್ಪನ ಹಾಗೆಯೇ. ಚಿಕ್ಕ ವಯಸ್ಸಿನಲ್ಲಿ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿ, ಅಮ್ಮ ಮದುವೆಯಾಗಿ ಬರುವ ಹೊತ್ತಿಗೆ ಆ ಒಲೆಯನ್ನು ಪೂರ್ತಿ ತಮ್ಮದಾಗಿಸಿಕೊಂಡಿದ್ದರು. ಅವರದು ಕಟ್ಟುನಿಟ್ಟಿನ ಮಡಿ. ಮಿಂದು, ಎತ್ತರದ ಗಳುವಿನ ಮೇಲೆ ಯಾರೂ ಮುಟ್ಟದಂತೆ ಒಣಗಿಸಿದ ಸೀರೆಯುಟ್ಟು, ಸಿಗಡಿ ಎಂಬ ಇದ್ದಿಲೊಲೆಯ ಮುಂದೆ ಕೂತರೆ ದೇವರಿಗೆ ನೈವೇದ್ಯವಾಗುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಸಿಗಡಿಯ ಸುತ್ತ ರಂಗೋಲಿಹುಡಿಯಿಂದ ಒಂದು ಗೆರೆ. ಸ್ಕೂಲಿನ ಬಟ್ಟೆಯಲ್ಲಿದ್ದ ನಾನು ಅದನ್ನು ದಾಟಿದರೆ ಅಂದಿನ ಅಡುಗೆಯೇ ಮೈಲಿಗೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ ದೇವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕುವುದು ಎಂಜಲು. ಹಾಗಾದರೆ ಉಪ್ಪು ಸರಿಯಾಯಿತೇ ಎಂದು ತಿಳಿಯುವುದು ಹೇಗೆ ಎಂದು ಒಮ್ಮೆ ಕೇಳಿದ್ದೆ. ಹಬೆಯ ಪರಿಮಳದಲ್ಲೇ ಗೊತ್ತಾಗುತ್ತದೆ ಎಂದಿದ್ದರು. ಸುಳ್ಳಲ್ಲ, ಅವರ ಅಡುಗೆಯಲ್ಲಿ ಉಪ್ಪು ತಪ್ಪಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಅವರ ಕೈಯ ಅನಾನಸಿನ ಮೆಣಸ್ಕಾಯಿಗಾಗಿ ಬಿಲ್ಡಿಂಗಿನ ಮರಾಠಿ ಮಂದಿಯೂ ಬಟ್ಟಲು ಹಿಡಿದು ಬರುತ್ತಿದ್ದರು. ಅನಾನಸನ್ನು ಸಣ್ಣಗೆ ಹೆಚ್ಚಿ ಹುಳಿ, ಬೆಲ್ಲ, ಅರಸಿನ, ಉಪ್ಪು ಹಾಕಿ ಕಲ್ಚಟ್ಟಿಯಲ್ಲಿ ಬೇಯಿಸಬೇಕು. ಉದ್ದಿನಬೇಳೆ, ಎಳ್ಳು, ಒಣಮೆಣಸನ್ನು ಬೇರೆಬೇರೆಯಾಗಿ ಹುರಿದು ತೆಂಗಿನಕಾಯಿಯೊಂದಿಗೆ ನುಣ್ಣಗೆ ಅರೆದು ಅದಕ್ಕೆ ಸೇರಿಸಬೇಕು. ಕೊನೆಗೆ ತೆಂಗಿನೆಣ್ಣೆಯ ಒಗ್ಗರಣೆ. ಬಿಸಿ ಅನ್ನಕ್ಕೆ ಕಲಸಿದರೆ ಮೊದಲು ಸಿಹಿ, ನುಂಗುವ ಹೊತ್ತಿಗೆ ಹುಳಿ, ಕಡೆಗೆ ಕಣ್ಣಲ್ಲಿ ನೀರು ತರಿಸುವ ಖಾರ. ಬರೆದಿಟ್ಟರೆ ಇಷ್ಟೇ. ಎಷ್ಟೆಷ್ಟು ಎಂದು ಕೇಳಿದರೆ ಅತ್ತೆ ಮುಷ್ಟಿ ತೋರಿಸುತ್ತಿದ್ದರು. ಆ ಮುಷ್ಟಿ ಅವರೊಬ್ಬರಿಗೇ ಇತ್ತು.

ಅಮ್ಮ ಮೈಸೂರಿನವಳು. ಅವಳ ತವರಿನಲ್ಲಿ ಅದೇ ಹಣ್ಣಿಗೆ ಗೊಜ್ಜು ಮಾಡುತ್ತಾರೆ, ಕೊಬ್ಬರಿ, ಕಡಲೆಬೇಳೆ, ಧನಿಯ, ಒಂದು ಚೂರು ಚಕ್ಕೆ ಹುರಿದು ಪುಡಿ ಮಾಡಿ ಹಾಕಿ. ನಾನು ಆರು ವರ್ಷದವಳಿದ್ದಾಗ ಅತ್ತೆ ಹತ್ತು ದಿನ ಅಂಧೇರಿಯ ಚಿಕ್ಕಪ್ಪನ ಮನೆಗೆ ಹೋಗಿದ್ದರು. ಆಗ ಅಮ್ಮ ಮೊದಲ ಬಾರಿಗೆ ಆ ಒಲೆಯ ಮುಂದೆ ಒಬ್ಬಳೇ ಕೂತಳು. ಅತ್ತೆ ಹಿಂತಿರುಗುವ ದಿನ ಮಡಿಯುಟ್ಟು, ಒಂದು ಹನಿ ರುಚಿ ನೋಡದೆ, ಅತ್ತೆಯ ಎಲ್ಲ ಕಟ್ಟಳೆ ಪಾಲಿಸಿ ಅನಾನಸ್ ಗೊಜ್ಜು ಮಾಡಿ ಅವರಿಗೊಂದು ಬಟ್ಟಲು ಎತ್ತಿಟ್ಟಳು. ಅತ್ತೆ ಬಂದು ಮುಚ್ಚಳ ತೆಗೆದು ಮೂಸಿ ನೋಡಿದರು. ಅಮ್ಮನಿಗೆ ಏನೂ ಹೇಳಲಿಲ್ಲ. ಅಪ್ಪನತ್ತ ತಿರುಗಿ ತುಳುವಿನಲ್ಲಿ, ಚಕ್ಕೆ ಹಾಕಿ ಹೋಟೆಲಿನ ಸಾಗು ಮಾಡಿದ್ದಾಳೆ ಎಂದು ಹೇಳಿ ಬಟ್ಟಲನ್ನು ಮೋರಿಗೆ ಸುರಿದರು. ಅಮ್ಮನಿಗೆ ತುಳು ಬಾರದು. ಆದರೆ ಹೋಟೆಲ್ ಎಂಬ ಮಾತು ತಿಳಿಯಿತು, ಮೋರಿಯಲ್ಲಿ ಹರಿದುಹೋದದ್ದೂ ಕಂಡಿತು. ಅಂದಿಗೆ ಮಾತು ನಿಂತಿತು. ನನ್ನ ಓಡಾಟ ಶುರುವಾಯಿತು.

ನನಗೆ ಹತ್ತು ತುಂಬಿದ ವರ್ಷ ಚಿಕ್ಕಪ್ಪ ಒಂದು ಮಾತೆತ್ತಿದ. ಅಂಧೇರಿ ಸ್ಟೇಷನ್ನಿನ ಹತ್ತಿರ ಅವನದೊಂದು ಹೋಟೆಲು, ಅದರ ಮಹಡಿಯಲ್ಲೇ ಮನೆ. ಅಕ್ಕನಿಗೆ ವಯಸ್ಸಾಯಿತು, ಬೆನ್ನು ಬಾಗಿದೆ, ಇನ್ನು ನಮ್ಮಲ್ಲಿ ಬಂದು ಸುಮ್ಮನೆ ಕೂತು ಉಣ್ಣಲಿ ಎಂದ. ಅವನ ಮನೆಯಲ್ಲಿ ಮಡಿಯಲ್ಲೇ ಅಡುಗೆ ಮಾಡುವ ಭಟ್ಟರೊಬ್ಬರಿದ್ದರು. ಪಾಪ, ಪ್ರೀತಿಯಿಂದಲೇ ಕರೆದಿದ್ದ. ಆದರೆ ಅತ್ತೆಗೆ ಅದು ಬೇಡವೇ ಬೇಡ. ಒಲೆಯಿಲ್ಲದ ಮನೆಯಲ್ಲಿ ಕೂತು ತಾನೇನು ಮಾಡುವುದು, ಕೈ ನಡೆಯುವವರೆಗೆ ಇಲ್ಲೇ ಇರುತ್ತೇನೆ ಎಂದರು. ಅಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವಳಿಗೆ ಅತ್ತೆ ಹೋಗಬೇಕಿತ್ತು. ಹನ್ನೊಂದು ವರ್ಷ ತನ್ನದೇ ಮನೆಯಲ್ಲಿ ಹೆಚ್ಚಿಕೊಟ್ಟು ಅರೆದುಕೊಟ್ಟು ಬದುಕಿದವಳಿಗೆ ಆ ಒಲೆ ಬೇಕಿತ್ತು. ಇಬ್ಬರಿಗೂ ಬೇಕಿದ್ದದ್ದು ಅದೊಂದೇ. ತೀರ್ಮಾನ ಅಪ್ಪನ ಮೇಲೆ ಬಿತ್ತು, ಅಪ್ಪ ಪೇಪರ್ ಎತ್ತಿ ಹಿಡಿದರು. ಶ್ರಾವಣದ ಸತ್ಯನಾರಾಯಣ ಪೂಜೆಗೆ ತಮ್ಮ ಬರುತ್ತಾನಲ್ಲ, ಆಗ ನೋಡೋಣ ಎಂದರು.

ಪೂಜೆಗೆ ಎರಡು ದಿನ ಮೊದಲೇ ಅಪ್ಪ ದಾದರ್ ಮಾರ್ಕೆಟ್ಟಿನಿಂದ ಮೂರು ದೊಡ್ಡ ಅನಾನಸ್ ತಂದಿಟ್ಟಿದ್ದರು. ಮಲಗಿದರೆ ದಿಂಬಿಗೂ ಅದರದೇ ಘಮ. ಪೂಜೆಯ ದಿನ ಬೆಳಿಗ್ಗೆಯೇ ಇಪ್ಪತ್ತು ಜನರ ಅಡುಗೆ ಹತ್ತಿಕೊಂಡಿತು. ಅಂಥ ದಿನಗಳಲ್ಲಿ ಅಮ್ಮನೂ ಮಡಿಯುಟ್ಟು ಗೆರೆಯೊಳಗೆ ಕೂರುತ್ತಿದ್ದಳು. ನಾನು ಗೆರೆಯ ಹೊರಗೆ. ಬೆಲ್ಲ ಎಷ್ಟು ಎಂದು ಕೇಳು, ಒಂದು ಅಚ್ಚು ಎಂದು ಹೇಳು, ದೊಡ್ಡದೋ ಚಿಕ್ಕದೋ ಎಂದು ಕೇಳು. ಹೊರಗೆ ಗ್ಯಾಲರಿಯಲ್ಲಿ ನನ್ನ ಗೆಳತಿಯರು ಹೊಸ ಲಂಗ ಉಟ್ಟು ಕುಂಟಾಟಕ್ಕೆ ಮನೆ ಬರೆಯುತ್ತಿದ್ದರು. ನಾನೂ ಹೊಸ ಲಂಗ ಉಟ್ಟಿದ್ದೆ, ಆದರೆ ಅದನ್ನು ಅಡುಗೆಮನೆಯ ಹೊಗೆಗೆ ತೋರಿಸುತ್ತ ನಿಂತಿದ್ದೆ. ಇವರ ಜಗಳಕ್ಕೂ ನನಗೂ ಏನು ಸಂಬಂಧ, ಗೊಜ್ಜು ಸುರಿದವಳು ನಾನೇನು, ಚಕ್ಕೆ ಹಾಕಿದವಳು ನಾನೇನು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಆ ಸಿಟ್ಟು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ, ಅದರ ಬಗ್ಗೆ ನಾಚಿಕೆಯೂ ಇಲ್ಲ.

ಚಿಕ್ಕಪ್ಪನ ಸಂಸಾರ ಹತ್ತು ಗಂಟೆಗೆ ಬಂತು. ಅವನ ಮೂರು ವರ್ಷದ ಮಗಳು ಚಪ್ಪಲಿ ಕಳಚಿದವಳೇ ನೇರ ಒಳಗೆ ಓಡಿ, ಗೆರೆ ದಾಟಿ, ಅತ್ತೆಯ ಬೆನ್ನಿಗೆ ಜೋತುಬಿದ್ದಳು. ಕುರ್ಲಾ, ದಾದರಿನ ಗಾಡಿಗಳಲ್ಲಿ ನೂರು ಜನರನ್ನು ಮುಟ್ಟಿ ಬಂದ ಮಗು. ಅತ್ತೆ ಬೈಯಲಿಲ್ಲ, ಮಗುವೆಂದರೆ ಅವರಿಗೆ ಜೀವ. ಆದರೆ ಮಡಿ ಹೋಯಿತು, ಮತ್ತೆ ಮೀಯಬೇಕು. ಹಿಂದಿನ ಗ್ಯಾಲರಿಯ ತುದಿಯವರೆಗೆ ದಾರಿ ಬಿಡಿಸಿಕೊಂಡು ಹೋಗಲು, ಬರುವಾಗ ಯಾರೂ ಮುಟ್ಟದಂತೆ ಕಾಯಲು ನಾನೇ ಬೇಕಾಯಿತು. ಒಲೆಯ ಮೇಲೆ ಅನಾನಸ್ ಬೇಯುತ್ತಿತ್ತು. ನಾವು ಹೊರಟಾಗ ಒಲೆಯ ಮುಂದೆ ಉಳಿದವಳು ಅಮ್ಮ.

ನಾವು ತಿರುಗಿ ಬರುವಷ್ಟರಲ್ಲಿ ಹೊರಕೋಣೆಯಲ್ಲಿ ಪುರೋಹಿತರು ಸಂಕಲ್ಪ ಶುರುಮಾಡಿ, ಅಮ್ಮನನ್ನು ಅಪ್ಪನ ಪಕ್ಕದ ಮಣೆಗೆ ಕರೆಸಿದ್ದರು. ಅತ್ತೆ ಎರಡನೆಯ ಸಲ ತಣ್ಣೀರು ಹೊಯ್ದುಕೊಂಡು ಸೀನುತ್ತ ಬಂದು ಒಲೆಯ ಮುಂದೆ ಕೂತರು. ಕಲ್ಚಟ್ಟಿಯ ಮೇಲೆ ಬಾಗಿ ಹಬೆಯನ್ನು ಮೂಸಿದರು, ಮತ್ತೆ ಮೂಸಿದರು. ಮೂಗು ಕಟ್ಟಿತ್ತು. ಮನೆ ತುಂಬ ಊದುಬತ್ತಿಯ ಹೊಗೆ ಬೇರೆ.

"ಪದ್ದು, ಇದಕ್ಕೆ ಉಪ್ಪು ಹಾಕಿದ್ದಾಳಾ ಅಂತ ನಿನ್ನ ಅಮ್ಮನ ಹತ್ರ ಕೇಳಿ ಬಾ."

ನಾನು ಪರದೆ ಸರಿಸಿ ಹೊರಗೆ ಬಂದೆ. ಕೋಣೆಯ ತುಂಬ ಜನ. ಅಮ್ಮ ಆ ತುದಿಯಲ್ಲಿ ರೇಷ್ಮೆಸೀರೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಹತ್ತಿರ ಹೋಗಬೇಕಾದರೆ ಹತ್ತು ಜನರ ಮಂಡಿ ದಾಟಬೇಕು, ಪುರೋಹಿತರ ಮಂತ್ರದ ನಡುವೆ ಬಗ್ಗಿ ಕಿವಿಯಲ್ಲಿ ಉಪ್ಪಿನ ಮಾತಾಡಬೇಕು, ಎಲ್ಲರೂ ನನ್ನನ್ನೇ ನೋಡುತ್ತಾರೆ. ಬೆಳಗಿನಿಂದ ಓಡಿದ್ದೇ ಓಡಿದ್ದು, ಇನ್ನು ನನ್ನಿಂದಾಗದು ಅನ್ನಿಸಿತು. ಅಲ್ಲದೆ ಇದರಲ್ಲಿ ಕೇಳುವುದಕ್ಕೇನಿದೆ? ಅಮ್ಮನನ್ನು ನಾನು ಕಾಣೆನೇ? ಅತ್ತೆ ಇಂತಿಷ್ಟು ಎನ್ನದೆ ಅವಳು ಒಂದು ಕಾಳು ಸಾಸಿವೆ ಸಿಡಿಸುವವಳಲ್ಲ. ಉಪ್ಪು ಹಾಕಿರಲು ಸಾಧ್ಯವೇ ಇಲ್ಲ. ಪರದೆಯ ಹೊರಗೇ ಗೋಡೆಯಂಚಿಗೆ ಒರಗಿ, ಹೋಗಿಬರುವಷ್ಟು ಹೊತ್ತು ನಿಂತೆ. ಮತ್ತೆ ಒಳಗೆ ಬಂದು ಹೇಳಿದೆ.

"ಹಾಕಿಲ್ಲವಂತೆ."

ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಭರಣಿಗೆ ಕೈ ಹಾಕಿ ಮುಷ್ಟಿ ತುಂಬ ಕಲ್ಲುಪ್ಪು ತೆಗೆದು ಕಲ್ಚಟ್ಟಿಗೆ ಹಾಕಿದರು. ಇನ್ನು ಹೋಗು, ಆಡಿಕೋ ಎಂದರು. ನಾನು ಹಿಂತಿರುಗಿ ನೋಡದೆ ಗ್ಯಾಲರಿಗೆ ಓಡಿದೆ. ಆ ದಿನ ಕುಂಟಾಟದಲ್ಲಿ ನಾನೇ ಗೆದ್ದೆ.

ಮಂಗಳಾರತಿಯಾಗಿ, ಅಡುಗೆಯ ಮೇಲೆಲ್ಲ ತುಳಸಿದಳವಿಟ್ಟು ನೈವೇದ್ಯವಾಗಿ, ಗಂಡಸರ ಪಂಕ್ತಿ ಕೂತಾಗ ಒಂದು ಗಂಟೆ ದಾಟಿತ್ತು. ಹಸಿದಿದ್ದವರೆಲ್ಲ ಮೊದಲು ಕೈ ಹಾಕಿದ್ದು ಮೆಣಸ್ಕಾಯಿಗೆ. ಚಿಕ್ಕಪ್ಪ ಅನ್ನಕ್ಕೆ ಧಾರಾಳವಾಗಿ ಕಲಸಿ ದೊಡ್ಡ ತುತ್ತು ಬಾಯಿಗಿಟ್ಟ. ಬಾಯಿ ಅಲ್ಲಾಡಲಿಲ್ಲ. ಪಕ್ಕದವರು ಅವನ ಮುಖ ನೋಡಿದರು, ಅವರ ಬಾಯಿಯೂ ನಿಂತಿತು. ದೇವರ ಪ್ರಸಾದ, ಉಗುಳುವಂತಿಲ್ಲ, ಎಲೆಯಲ್ಲಿ ಬಿಡುವಂತಿಲ್ಲ. ಒಬ್ಬೊಬ್ಬರೇ ನೀರು ಕುಡಿದು ನುಂಗಿದರು. ಕೆಳಗಿನ ಮನೆಯ ಮರಾಠಿ ಅಜ್ಜ ಮಾತ್ರ, ಮೀಠ್ ಜರಾ ಜಾಸ್ತ್, ಉಪ್ಪು ತುಸು ಹೆಚ್ಚು, ಎಂದು ಮೆಲ್ಲಗೆ ಗೊಣಗಿದ. ಅಷ್ಟರಲ್ಲಿ ಚಿಕ್ಕಪ್ಪನ ತೊಡೆಯ ಮೇಲೆ ಕೂತಿದ್ದ ಆ ಮಗು ಬಾಯಿಯಲ್ಲಿದ್ದುದನ್ನೆಲ್ಲ ಎಲೆಗೆ ಉಗುಳಿ ಅಳತೊಡಗಿತು.

ಅಪ್ಪ ಅಡುಗೆಮನೆಯ ಕಡೆ ತಿರುಗಿ ತುಳುವಿನಲ್ಲಿ ಏನೋ ಕೇಳಿದರು. ಒಳಗೆ ಅತ್ತೆ ಸೌಟಿನಿಂದ ಅಂಗೈಗೆ ಹಾಕಿಕೊಂಡು ನಾಲಗೆಗೆ ಮುಟ್ಟಿಸಿದರು. ನಿಂತುಕೊಂಡು ರುಚಿ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಹಿಂದಿನ ಬಾಗಿಲಲ್ಲಿದ್ದೆ. ಅವರು ತಲೆಯೆತ್ತಿ ಮೊದಲು ನೋಡಿದ್ದು ನನ್ನನ್ನು. ಬಡಿಸುವ ಪಾತ್ರೆ ಹಿಡಿದು ಒಳಗೆ ಬಂದಿದ್ದ ಅಮ್ಮ ಅತ್ತೆಯನ್ನು ನೋಡುತ್ತಿದ್ದಳು. ಈಗ ಹೇಳುತ್ತಾರೆ, ಪದ್ದುವಿನ ಹತ್ತಿರ ಕೇಳಿ ಕಳಿಸಿದ್ದೆ ಎಂದು ಈಗ ಹೇಳುತ್ತಾರೆ ಎಂದು ಕಾಯುತ್ತ ನಿಂತೆ. ಅತ್ತೆ ಪರದೆ ಸರಿಸಿ, ಪಂಕ್ತಿಯಲ್ಲಿದ್ದವರಿಗೆಲ್ಲ ಕೇಳುವಂತೆ ಕನ್ನಡದಲ್ಲೇ ಹೇಳಿದರು.

"ನಾನೇ ಎರಡು ಸಲ ಹಾಕಿದೆ ಕಾಣ್ತದೆ. ಕೈ ತಪ್ಪಿತು."

ಚಿಕ್ಕಪ್ಪ ಮರುಮಾತಿಗೆ ಕಾಯಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು.

"ಇನ್ನು ಸಾಕು ಅಕ್ಕ. ಎಷ್ಟು ವರ್ಷ ಅಂತ ಬೇಯಿಸ್ತೀ? ನಮ್ಮಲ್ಲಿಗೆ ಬಾ."

ಅತ್ತೆ ಆಗಲಿ ಎಂದರು. ಅಷ್ಟು ತಿಂಗಳು ಎಳೆದಾಡಿದ ಮಾತು ಮಜ್ಜಿಗೆ ಬಡಿಸುವಷ್ಟರಲ್ಲಿ ಮುಗಿದುಹೋಯಿತು. ಅಪ್ಪನ ಮುಖದಲ್ಲಿ ಕಂಡದ್ದು ಬೇಸರಕ್ಕಿಂತ ಹೆಚ್ಚು ನಿರಾಳ. ಅದನ್ನು ನೆನೆದರೆ ನನಗೆ ಈಗಲೂ ಅಪ್ಪನ ಮೇಲೆ ಕೋಪ ಬರುತ್ತದೆ, ಅವರು ಹೋಗಿ ಎಷ್ಟೋ ಕಾಲವಾಗಿದ್ದರೂ.

ಅಂದು ದೀಪ ಹಚ್ಚಿದ ಮೇಲೆ ಅತ್ತೆ ಬಚ್ಚಲಿಗೆ ಹೋಗಿದ್ದಾಗ ಅಮ್ಮ ಅಪ್ಪನ ಕುರ್ಚಿಯ ಪಕ್ಕ ನಿಂತು ಮಾತಾಡಿದಳು. ನಾನು ಟ್ರಂಕಿನ ಮೇಲೆ ಪುಸ್ತಕ ಹಿಡಿದು ಕೂತಿದ್ದೆ.

"ನಾನು ಉಪ್ಪು ಹಾಕಿದ್ದೆ ಕಣ್ರೀ. ಹಣ್ಣು ಬೆಂದಿತ್ತು, ಹೊತ್ತಾಗತ್ತೆ ಅಂತ ಹಾಕ್ದೆ. ಒಂದ್ ಮಾತು ಕೇಳ್ಸಿದ್ರೆ ಹೇಳ್ತಿರ್ಲಿಲ್ವಾ? ನಾನು ಹಾಕಿದ್ದು ಅವ್ರಿಗೆ ಲೆಕ್ಕಕ್ಕೇ ಇಲ್ಲ."

"ಈಗ ಹೇಳಿ ಎಂತ ಪ್ರಯೋಜನ?" ಎಂದರು ಅಪ್ಪ.

ಅವಳು ಕಣ್ಣು ಒರೆಸಿಕೊಂಡಳು. ಆಗ ನನಗೆ ಪೂರ್ತಿ ಅರ್ಥವಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಮ್ಮ ಯಾರನ್ನೂ ಕೇಳದೆ ಅತ್ತೆ ಬೇಯಿಸುತ್ತಿದ್ದ ಕಲ್ಚಟ್ಟಿಗೆ ಉಪ್ಪು ಹಾಕಿದ್ದಳು. ಅತ್ತೆ ಬೇಕೆಂದೇ ಅದನ್ನು ಕಡೆಗಣಿಸಿ, ಗೊಜ್ಜನ್ನು ಮೋರಿಗೆ ಸುರಿದ ಹಾಗೆಯೇ, ಮೇಲೆ ತಮ್ಮದೊಂದು ಮುಷ್ಟಿ ಹಾಕಿದರೆಂದು ಅವಳು ತಿಳಿದಿದ್ದಳು. ಅತ್ತೆ ಕೇಳಿ ಕಳಿಸಿದ್ದರು ಎಂದು ಹೇಳಬಲ್ಲವಳು ನಾನೊಬ್ಬಳೇ. ಪುಸ್ತಕದ ಹಾಳೆ ತಿರುವಿದೆ.

ಒಂದು ವಾರದಲ್ಲಿ ಅತ್ತೆ ಅಂಧೇರಿಗೆ ಹೋದರು. ಸೀರೆಗಳ ಗಂಟು, ಜಪಮಣಿ, ಕುಡಿಯುವ ತಂಬಿಗೆ, ಇಷ್ಟೇ ಸಾಮಾನು. ಕಲ್ಚಟ್ಟಿಯನ್ನು ತೊಳೆದು ಬೋರಲು ಹಾಕಿಟ್ಟರು. ಹೊಸಿಲಲ್ಲಿ ನನ್ನ ತಲೆ ಸವರಿದರು, ಅಮ್ಮ ಬಗ್ಗಿ ಕಾಲಿಗೆ ನಮಸ್ಕರಿಸಿದಳು. ಆಗಲೂ ಇಬ್ಬರೂ ಮಾತಾಡಲಿಲ್ಲ. ಮರುದಿನವೇ ಅಮ್ಮ ರಂಗೋಲಿಯ ಗೆರೆ ಒರೆಸಿದಳು. ಸೀಮೆಎಣ್ಣೆಯ ಸ್ಟವ್ ಬಂತು. ನೆಲ ಮುಟ್ಟುವ ಹೊಸ ಪರದೆ ಬಂತು. ಒಂದೆರಡು ವಾರ ಅಮ್ಮ ಸೌಟಿನಿಂದ ರುಚಿ ನೋಡುತ್ತ, ತವರಿನ ಹಾಡು ಗುನುಗುತ್ತ ಅಡುಗೆ ಮಾಡಿದಳು. ಅನಾನಸ್ ಗೊಜ್ಜು ಮಾಡಿದಳು, ಅದೂ ಧಾರಾಳವಾಗಿ ಚಕ್ಕೆ ಹಾಕಿ. ಅಪ್ಪ ಉಂಡು, ಚೆನ್ನಾಗಿದೆ ಎಂದು, ಅಕ್ಕನ ಮೆಣಸ್ಕಾಯಿಯ ಹಾಗಲ್ಲ ಎಂದೂ ಸೇರಿಸಿದರು. ಇದನ್ನು ಹೇಳದಿದ್ದರೆ ಏನಾಗುತ್ತಿತ್ತು? ಅಮ್ಮ ಅದೇ ಕಲ್ಚಟ್ಟಿ ಎತ್ತಿಕೊಂಡು ಮೆಣಸ್ಕಾಯಿಗೆ ಇಳಿದಳು. ಮೊದಲ ಸಲ ಎಳ್ಳು ಕಪ್ಪಾಗಿ ಕಹಿ, ಎರಡನೆಯ ಸಲ ಹಸಿ ವಾಸನೆ. ನೀನು ಇಷ್ಟು ವರ್ಷ ಅಲ್ಲೇ ನಿಂತಿದ್ದೆಯಲ್ಲ, ಏನೂ ನೆನಪಿಲ್ಲವೇ ಎಂದು ನನ್ನನ್ನು ಕೇಳಿದಳು. ನೆನಪಿರಲಿಲ್ಲ. ಎಲ್ಲ ಮಾತೂ ನನ್ನ ಬಾಯಿಂದಲೇ ಹೋಗಿತ್ತು, ಒಂದನ್ನೂ ನಾನು ಇಟ್ಟುಕೊಂಡಿರಲಿಲ್ಲ. ಮೂರನೆಯ ಸಲವೂ ಕೆಟ್ಟಮೇಲೆ ಒಂದು ಭಾನುವಾರ, ಅಪ್ಪನ ಜೊತೆ ಅಂಧೇರಿಗೆ ಹೊರಟಿದ್ದ ನನ್ನನ್ನು ಅವಳು ತಡೆದು ನಿಲ್ಲಿಸಿದಳು.

"ಎಳ್ಳು ಎಷ್ಟು ಹೊತ್ತು ಹುರೀಬೇಕು ಅಂತ ನಿಮ್ಮತ್ತೇನ ಕೇಳ್ಕೊಂಡ್ ಬಾ."

ನನಗೆ ಕೂಗಬೇಕೆನಿಸಿತು. ಹದಿನಾಲ್ಕು ಹೆಜ್ಜೆ ಸಾಲದೆಂದು ಈಗ ಚೆಂಬೂರಿನಿಂದ ಅಂಧೇರಿಗೆ ಮಾತು ಹೊರಬೇಕು, ಎರಡು ಕಡೆ ಗಾಡಿ ಬದಲಿಸಿ.

ಚಿಕ್ಕಪ್ಪನ ಮನೆಯಲ್ಲಿ ಅತ್ತೆ ಕಿಟಕಿಯ ಬಳಿ ಚಾಪೆಯ ಮೇಲೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಬುಟ್ಟಿಯ ತುಂಬ ಬತ್ತಿ, ಆ ಮನೆಯ ದೇವರಿಗೆ ಎರಡು ವರ್ಷಕ್ಕಾಗುವಷ್ಟು. ಕೆಳಗಿನ ಹೋಟೆಲಿನಿಂದ ಸಾಂಬಾರಿನ ವಾಸನೆ ಮೇಲಕ್ಕೆ ಬರುತ್ತಿತ್ತು. ಅಪ್ಪ ಚಿಕ್ಕಪ್ಪನೊಂದಿಗೆ ಕೆಳಗೇ ಉಳಿದಿದ್ದರು. ಅತ್ತೆ ಸೊರಗಿರಲಿಲ್ಲ, ಕೂತಲ್ಲಿಗೇ ಎಲೆ ಬರುತ್ತಿತ್ತು. ಆದರೆ ಆ ಕೈಗಳು ತೀರಾ ಬೆಳ್ಳಗೆ, ಮಸಿಯಿಲ್ಲದೆ, ಬೇರೆ ಯಾರದೋ ಕೈಯಂತೆ ಕಂಡವು. ನಾನು ಎದುರಿಗೆ ಕೂತು ಅಮ್ಮನ ಪ್ರಶ್ನೆಯನ್ನು ಒಪ್ಪಿಸಿದೆ. ಅತ್ತೆಯ ಬೆರಳುಗಳು ನಿಂತವು.

"ಅವಳು ಕೇಳಿದ್ದಾ, ಇಲ್ಲ ನೀನೇ ಹೇಳ್ತಾ ಇದ್ದೀಯಾ?"

ಮುಖಕ್ಕೆ ಹೊಡೆದ ಹಾಗಾಯಿತು. ಅಳು ಬಂತು. ಅಳುತ್ತಲೇ, ಅವತ್ತು ನಾನು ಅಮ್ಮನನ್ನು ಕೇಳಿರಲಿಲ್ಲ ಅತ್ತೆ ಎಂದೆ.

"ಗೊತ್ತುಂಟು. ಪರದೆಯ ಕೆಳಗೆ ನಿನ್ನ ಕಾಲು ಕಾಣ್ತಾ ಇತ್ತು. ಅಲ್ಲೇ ನಿಂತು ತಿರುಗಿ ಬಂದೆ."

"ಮತ್ತೆ ಯಾಕೆ ಉಪ್ಪು ಹಾಕಿದ್ರಿ?"

ಅತ್ತೆ ಕೈಯಲ್ಲಿದ್ದ ಬತ್ತಿಯನ್ನು ಬುಟ್ಟಿಗೆ ಹಾಕಿದರು.

"ಅವಳು ಹಾಕಿರ್ಲಿಕ್ಕಿಲ್ಲ ಅಂತ ನಾನೂ ಎಣಿಸಿದೆ. ನಾನು ಹೇಳದೆ ಅವಳು ಉಪ್ಪಿಗೆ ಕೈ ಹಾಕುವವಳಲ್ಲ ಅಂತ. ಅಷ್ಟು ಧೈರ್ಯ ಉಂಟು ಅಂತ ನಂಗೆ ಗೊತ್ತಿರ್ಲಿಲ್ಲ."

ಅಂದರೆ ತಪ್ಪು ನನ್ನೊಬ್ಬಳದಾಗಿರಲಿಲ್ಲ. ಅಮ್ಮನನ್ನು ಅಳೆಯುವುದರಲ್ಲಿ ನಾವಿಬ್ಬರೂ ಒಂದೇ ತಪ್ಪು ಮಾಡಿದ್ದೆವು. ಅತ್ತೆ ಮತ್ತೆ ಬತ್ತಿ ಹೊಸೆಯತೊಡಗಿದರು. ಎಳ್ಳು ಸಿಡಿಯುವುದು ನಿಲ್ಲುವ ಮೊದಲೇ ಬಾಣಲೆ ಇಳಿಸಬೇಕು, ಇಳಿಸಿದ ಮೇಲೆ ಬೇರೆ ಪಾತ್ರೆಗೆ ಸುರಿಯಬೇಕು, ಇಲ್ಲದಿದ್ದರೆ ಬಾಣಲೆಯ ಬಿಸಿಗೇ ಕಹಿಯಾಗುತ್ತದೆ ಎಂದು ವಿವರವಾಗಿ ಹೇಳಿದರು. ಉದ್ದಿನಬೇಳೆ ಎಷ್ಟು ಕೆಂಪಗಾಗಬೇಕೆಂಬುದಕ್ಕೆ ತಮ್ಮ ಸೀರೆಯ ಅಂಚಿನ ಬಣ್ಣ ತೋರಿಸಿದರು. ನಾನು ಏಳುವಾಗ ಮತ್ತೆ ಕರೆದು ಕೂರಿಸಿದರು.

"ಇದನ್ನೂ ಹೇಳು ಅವಳಿಗೆ. ನನ್ನ ಮುಷ್ಟಿ ನಂಗೆ ಗೊತ್ತುಂಟು. ಅದನ್ನು ಕಳೆದ್ರೆ ಅವಳ ಉಪ್ಪು ಸರಿಯೇ ಇತ್ತು. ಮರೀಬೇಡ."

ಮರೆಯಲಿಲ್ಲ. ದಾದರಿನ ಸೇತುವೆ ಹತ್ತುವಾಗಲೂ ಇಳಿಯುವಾಗಲೂ, ಕುರ್ಲಾದ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುವಾಗಲೂ ಆ ಮಾತನ್ನು ಬಾಯಿಪಾಠ ಮಾಡುತ್ತಲೇ ಬಂದೆ. ಅಮ್ಮ ಸ್ಟವ್ ಹಚ್ಚಿಟ್ಟುಕೊಂಡೇ ಕಾಯುತ್ತಿದ್ದಳು. ಎಳ್ಳಿನದು ಹೇಳಿದೆ, ಬಾಣಲೆಯದು ಹೇಳಿದೆ, ಉದ್ದಿನಬೇಳೆಯ ಬಣ್ಣವನ್ನೂ ಹೇಳಿದೆ. ಉಪ್ಪಿನ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಬೇಕಾದರೆ ಅತ್ತೆ ಕೇಳಿ ಕಳಿಸಿದ್ದನ್ನು ಹೇಳಬೇಕು, ಪರದೆಯ ಈಚೆಗೆ ನಿಂತಿದ್ದನ್ನು ಹೇಳಬೇಕು, ಕುಂಟಾಟವನ್ನೂ ಹೇಳಬೇಕು.

"ಅಷ್ಟೇನಾ? ಬೇರೇನೂ ಹೇಳ್ಲಿಲ್ವಾ?" ಎಂದು ಅಮ್ಮ ಕೇಳಿದಳು.

"ಅಷ್ಟೇ" ಎಂದೆ.

ಅಮ್ಮ ಬಾಣಲೆಗೆ ಎಳ್ಳು ಸುರಿದು, ಸಿಡಿಯುವ ಸದ್ದಿಗೆ ಕಿವಿಗೊಟ್ಟು ಕೂತಳು. ಆ ಸಂಜೆಯ ಮೆಣಸ್ಕಾಯಿ ಅತ್ತೆಯದರ ಹಾಗೇ ಆಯಿತು, ಅಪ್ಪ ಎರಡು ಸಲ ಹಾಕಿಸಿಕೊಂಡರು. ಅತ್ತೆ ಅಂಧೇರಿಯಲ್ಲೇ ತೀರಿಕೊಂಡರು. ಅಮ್ಮ ಮುಂದೆ ನಲವತ್ತು ವರ್ಷ ಬದುಕಿದಳು. ಮನೆಗೆ ಬಂದ ನೆಂಟರಿಗೆ, ನನ್ನ ಗಂಡನಿಗೆ, ಮೊಮ್ಮಕ್ಕಳಿಗೆ, ಅನಾನಸ್ ಹೆಚ್ಚಲು ಕೂತಾಗಲೆಲ್ಲ ಅದೇ ಕತೆ ಹೇಳುತ್ತಿದ್ದಳು. ನಾನು ಹಾಕಿದ ಉಪ್ಪು ಅವರಿಗೆ ಲೆಕ್ಕಕ್ಕೇ ಇರಲಿಲ್ಲ ಎಂದು ಮುಗಿಸುತ್ತಿದ್ದಳು. ಹೇಳುವಾಗಲೆಲ್ಲ ನಾನು ಅವಳ ಪಕ್ಕದಲ್ಲೇ ಕೂತು ಕಾಯಿ ತುರಿಯುತ್ತಿದ್ದೆ.